ಶಾಲಾ ಮಕ್ಕಳನ್ನು ಸಿಂಗಪುರ ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರಿಗೆ

ಹೈಸ್ಕೂಲು ಮಕ್ಕಳನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯಲು ನಮ್ಮ ಕಡೆಯ ಶಾಲೆಗಳು ಸಿಂಗಪುರವನ್ನು ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ದಾರಿ, ಇಂಗ್ಲಿಷ್ ಬಲ್ಲ ಜನ, ನಲ್ಲಿಯಿಂದ ನೇರವಾಗಿ ಕುಡಿಯಬಹುದಾದ ನೀರು, ಜುರಾಂಗ್‌ನ ವಿಜ್ಞಾನ ಕೇಂದ್ರ, ಮಂಡಾಯಿಯ ಮೃಗಾಲಯ. ಟಿಕೆಟ್, ಹೋಟೆಲ್, ಬಸ್ಸು, ಗೈಡ್ ಇವೆಲ್ಲವನ್ನೂ ಟ್ರಾವೆಲ್ ಏಜೆನ್ಸಿಯವರು ನೋಡಿಕೊಳ್ಳುತ್ತಾರೆ. ಆದರೆ ಪೋಷಕರು ಮಕ್ಕಳನ್ನು ಒಪ್ಪಿಸುವುದು ಏಜೆನ್ಸಿಗಲ್ಲ, ಶಿಕ್ಷಕರಿಗೆ. ಆದ್ದರಿಂದ ಜೊತೆಗೆ ಹೋಗುವ ಶಿಕ್ಷಕರು ಯಾವ ಗಳಿಗೆಯಲ್ಲಿ ಯಾರು ಕೇಳಿದರೂ ತಮ್ಮ ಪಾಲಿನ ಪ್ರತಿ ಮಗು ಎಲ್ಲಿದೆ, ಯಾರ ಜೊತೆಗಿದೆ, ಆರೋಗ್ಯವಾಗಿದೆಯೇ ಎಂಬುದನ್ನು ಹೇಳಬಲ್ಲವರಾಗಿರಬೇಕು. ಈ ಲೇಖನದಲ್ಲಿ ಬರುವ ಎಲ್ಲ ಸೂಚನೆಗಳ ಉದ್ದೇಶವೂ ಅದೇ.

ತಯಾರಿಯನ್ನು ಪಾಸ್‌ಪೋರ್ಟಿನಿಂದ ಆರಂಭಿಸಿ. ಮಕ್ಕಳ ಪಾಸ್‌ಪೋರ್ಟನ್ನು ಸಾಮಾನ್ಯವಾಗಿ 5 ವರ್ಷಕ್ಕೆ ಮಾತ್ರ ಕೊಡುವುದರಿಂದ, ಅದರ ಅವಧಿ ಮುಗಿಯುತ್ತ ಬಂದಿರುವುದು ಎಷ್ಟೋ ಪೋಷಕರ ಗಮನಕ್ಕೇ ಬಂದಿರುವುದಿಲ್ಲ. ಪ್ರವಾಸದ ದಿನಾಂಕದಿಂದ ಲೆಕ್ಕ ಹಾಕಿದರೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಹೆಸರಿನ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮ್ಮ ಶಾಲೆಗಳ ದಾಖಲಾತಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಉದ್ದವಾಗಿರಬಹುದು, ಇಲ್ಲವೇ ಒಂದೇ ಹೆಸರು ಇರಬಹುದು. ಟಿಕೆಟ್, ವೀಸಾ ಅರ್ಜಿ, ವಿಮೆ ಈ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಶಃ ಇರಬೇಕು. ಶಾಲೆಯ ಹಾಜರಿ ಪುಸ್ತಕದಿಂದ ಹೆಸರುಗಳ ಪಟ್ಟಿಯನ್ನು ನಕಲು ಮಾಡಿ ಏಜೆನ್ಸಿಗೆ ಕಳುಹಿಸಬೇಡಿ. ಪ್ರತಿ ಪಾಸ್‌ಪೋರ್ಟಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ಪಟ್ಟಿ ಬರೆಯಿರಿ, ಬರೆದದ್ದನ್ನು ಇನ್ನೊಬ್ಬ ಶಿಕ್ಷಕರಿಂದ ಓದಿಸಿ ತಾಳೆ ನೋಡಿ.

ಭಾರತದ ಪಾಸ್‌ಪೋರ್ಟ್ ಇರುವವರು ಸಿಂಗಪುರಕ್ಕೆ ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಅದರ ಜೊತೆಗೆ ಅಲ್ಲಿ ಇಳಿಯುವ ಮೊದಲು, ಇಳಿಯುವ ದಿನವೂ ಸೇರಿದಂತೆ 3 ದಿನಗಳ ಒಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಘೋಷಣೆಯನ್ನು ಪ್ರತಿಯೊಬ್ಬರ ಹೆಸರಿನಲ್ಲೂ ತುಂಬಬೇಕು. ಸಿಂಗಪುರದ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಇದು ಉಚಿತ. ಹಣ ಕೇಳುವ ತಾಣ ಕಂಡರೆ ಅದು ಇಲಾಖೆಯದಲ್ಲ ಎಂದು ತಿಳಿಯಿರಿ. ಅರ್ಜಿಯಲ್ಲಿ ಕೊಡುವ ಇ-ಮೇಲ್ ವಿಳಾಸ, ಪ್ರವಾಸದ ನಡುವೆ ನೀವೇ ತೆರೆದು ನೋಡಬಲ್ಲ ವಿಳಾಸವಾಗಿರಲಿ. ಏಕೆಂದರೆ ಎಷ್ಟು ದಿನ ತಂಗಲು ಅನುಮತಿ ಸಿಕ್ಕಿದೆ ಎಂಬ ಮಾಹಿತಿಯನ್ನು ಅಲ್ಲಿ ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿ ಕೊಡುವುದಿಲ್ಲ, ಇ-ಮೇಲ್‌ಗೆ ಕಳುಹಿಸುತ್ತಾರೆ.

ಪೋಷಕರಿಂದ ಪಡೆಯುವ ಒಪ್ಪಿಗೆ ಪತ್ರವನ್ನು ಎರಡು ಸಾಲಿನ ಶಾಸ್ತ್ರಕ್ಕೆ ಮುಗಿಸಬಾರದು. ಪ್ರವಾಸದ ದಿನಾಂಕ, ಸ್ಥಳ, ಜೊತೆಗಿರುವ ಶಿಕ್ಷಕರ ಹೆಸರು, ತುರ್ತು ಸಂದರ್ಭದಲ್ಲಿ ಪೋಷಕರು ಫೋನಿಗೆ ಸಿಗದಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗೆ ಎಂಬುದು, ಇವೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ತಂದೆ ತಾಯಿ ಇಬ್ಬರೂ ಸಹಿ ಹಾಕಿ ನೋಟರಿ ಮಾಡಿಸಿದರೆ ಒಳ್ಳೆಯದು. ಅದರ ಜೊತೆಗೆ ಆರೋಗ್ಯದ ವಿವರಗಳ ಹಾಳೆ ಬೇಕು. ಉಬ್ಬಸ, ಮೂರ್ಛೆರೋಗ, ಕಡಲೆಕಾಯಿಯಂಥ ಪದಾರ್ಥಗಳ ಅಲರ್ಜಿ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಇಂಥವನ್ನು ಪೋಷಕರು ಸಂಕೋಚದಿಂದ ಬರೆಯದೆ ಬಿಡುವುದುಂಟು. ಸಭೆಯಲ್ಲಿ ಎಲ್ಲರ ಎದುರು ಕೇಳಿದರೆ ಉತ್ತರ ಬರುವುದಿಲ್ಲ. ಪ್ರತಿ ಕುಟುಂಬದ ಜೊತೆ ಐದು ನಿಮಿಷ ಪ್ರತ್ಯೇಕವಾಗಿ ಮಾತನಾಡಿದರೆ ತಾಯಂದಿರು ತಾವಾಗಿಯೇ ಹೇಳುತ್ತಾರೆ. ಆ ಐದು ನಿಮಿಷಗಳನ್ನು ಯಾವ ಕಾರಣಕ್ಕೂ ಉಳಿಸಲು ಹೋಗಬೇಡಿ.

ಔಷಧಿಗಳು ಅವುಗಳ ಮೂಲ ಪೊಟ್ಟಣದಲ್ಲೇ ಇರಬೇಕು, ವೈದ್ಯರ ಚೀಟಿ ಜೊತೆಗಿರಬೇಕು, ಮಗುವಿನ ಹೆಸರು ಬರೆದ ಚೀಲದಲ್ಲಿ ಶಿಕ್ಷಕರ ಕೈಗೆ ಬರಬೇಕು. ಉಬ್ಬಸದ ಇನ್‌ಹೇಲರ್ ಮಾತ್ರ ಸದಾ ಮಗುವಿನ ಬಳಿಯೇ ಇರಲಿ. ಕೋಡೀನ್ ಇರುವ ಕೆಮ್ಮಿನ ಔಷಧಿ, ನಿದ್ದೆ ಮಾತ್ರೆಯಂಥವುಗಳಿಗೆ ಸಿಂಗಪುರದಲ್ಲಿ ನಿರ್ಬಂಧಗಳಿರುವುದರಿಂದ, ಅಂಥ ಔಷಧಿ ಬೇಕಾದ ಮಗುವಿದ್ದರೆ ಮೊದಲೇ ಅನುಮತಿಯ ವಿಚಾರ ಮಾಡಬೇಕಾಗುತ್ತದೆ. ಚ್ಯೂಯಿಂಗ್ ಗಮ್ ಮತ್ತು ಇ-ಸಿಗರೇಟ್ ಅಲ್ಲಿಗೆ ಒಯ್ಯುವಂತಿಲ್ಲ ಎಂಬುದು ಬಹಳ ಜನರಿಗೆ ಗೊತ್ತು. ಗಸಗಸೆಯೂ ಅಲ್ಲಿ ನಿಷಿದ್ಧ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದನ್ನು ಮಾದಕವಸ್ತು ನಿಯಂತ್ರಣ ವಿಭಾಗದವರ ನಿಷೇಧಿತ ಪಟ್ಟಿಯಲ್ಲಿ ಸೇರಿಸಿದ್ದಾರೆ. ದೂರ ಹೋಗುವ ಮಗುವಿಗೆ ಅಜ್ಜಿ ಪ್ರೀತಿಯಿಂದ ಕಟ್ಟಿಕೊಡುವ ಅಂಟಿನುಂಡೆಯಲ್ಲಿ, ಕರ್ಜಿಕಾಯಿಯ ಹೂರಣದಲ್ಲಿ ಗಸಗಸೆ ಇರುತ್ತದಲ್ಲವೇ? ಪೋಷಕರ ಸಭೆಯಲ್ಲಿ ಇದನ್ನು ಹೆಸರು ಹಿಡಿದು ಹೇಳಿ. ಚಕ್ಕುಲಿ, ನಿಪ್ಪಟ್ಟು, ಅವಲಕ್ಕಿ ಕಟ್ಟಿಕೊಡಲಿ. ಗಸಗಸೆ ಬಿದ್ದ ತಿಂಡಿ ಬೇಡ.

ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಇದಕ್ಕಿಂತ ಹೆಚ್ಚು ಮಕ್ಕಳನ್ನು ಒಬ್ಬರ ಮೇಲೆ ಹೊರಿಸಿದರೆ ಎಣಿಕೆ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಣ್ಣುಮಕ್ಕಳಿದ್ದರೆ ಶಿಕ್ಷಕಿಯರು ಇರಲೇಬೇಕು, ಅದೂ ಒಬ್ಬರಲ್ಲ, ಕನಿಷ್ಠ ಇಬ್ಬರು. ಒಬ್ಬರು ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಉಳಿದ ಹುಡುಗಿಯರ ಜೊತೆ ಇನ್ನೊಬ್ಬರು ಬೇಕಲ್ಲ. ಯಾವ ತಂಡದ ಹೊಣೆಯೂ ಇಲ್ಲದ ಒಬ್ಬ ಮುಖ್ಯ ಶಿಕ್ಷಕರು ಇದ್ದರೆ, ಏನಾದರೂ ಅನಿರೀಕ್ಷಿತವಾದಾಗ ಓಡಾಡಲು ಕೈ ಖಾಲಿ ಇರುತ್ತದೆ. ತಂಡಗಳನ್ನು ಊರಿನಲ್ಲೇ ಮಾಡಿ, ಪ್ರತಿ ಮಗುವಿಗೆ ಒಂದು ಸಂಖ್ಯೆ ಕೊಟ್ಟು, ಪ್ರವಾಸ ಮುಗಿಯುವವರೆಗೂ ಅದನ್ನು ಬದಲಿಸದೆ ಇರಿ. ಬರೀ ತಲೆ ಎಣಿಸಿದರೆ ಬೇರೆ ತಂಡದ ಹುಡುಗ ನಡುವೆ ನಿಂತು ಲೆಕ್ಕ ಸರಿಹೋದಂತೆ ಕಾಣುತ್ತದೆ. ಮಕ್ಕಳು ತಮ್ಮ ಸಂಖ್ಯೆಯನ್ನು ಒಂದರಿಂದ ಹತ್ತರವರೆಗೆ ತಾವೇ ಕೂಗಿದರೆ, ಆರರ ನಂತರ ಮೌನವಾದೊಡನೆ ಏಳನೆಯವಳು ಯಾರೆಂದು ಆ ಕ್ಷಣವೇ ತಿಳಿಯುತ್ತದೆ. ಬಸ್ಸು ಹತ್ತುವ ಮೊದಲು, ಹತ್ತಿದ ಮೇಲೆ, ಇಳಿದ ಮೇಲೆ, ಶೌಚಾಲಯದಿಂದ ಹೊರಟಾಗ, ಹೀಗೆ ಜಾಗ ಬದಲಾದಾಗಲೆಲ್ಲ ಇದನ್ನು ಮಾಡಬೇಕು. ಮಕ್ಕಳು ಬೇಸರಪಡುತ್ತಾರೆ, ಪಡಲಿ.

ವಿಮಾನ ನಿಲ್ದಾಣದ ವಲಸೆ ತಪಾಸಣೆ ಎಲ್ಲಕ್ಕಿಂತ ಸುಲಭವಾಗಿ ಗುಂಪು ಒಡೆಯುವ ಜಾಗ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಸ್ವಯಂಚಾಲಿತ ಗೇಟುಗಳಿರುವುದರಿಂದ ಮಕ್ಕಳು ಒಬ್ಬೊಬ್ಬರಾಗಿ ಆಚೆ ಹೋಗಿಬಿಡುತ್ತಾರೆ, ಮತ್ತೆ ಈಚೆ ಬರುವಂತಿಲ್ಲ. ಅದಕ್ಕೆ ಒಬ್ಬ ಶಿಕ್ಷಕರು ಎಲ್ಲರಿಗಿಂತ ಮೊದಲು ದಾಟಿ ಆಚೆ ಕಡೆ ಎದ್ದು ಕಾಣುವ ಒಂದು ಕಂಬದ ಬಳಿ ನಿಲ್ಲಬೇಕು, ಮಕ್ಕಳು ಅಲ್ಲೇ ಸೇರಬೇಕು, ಇನ್ನೊಬ್ಬರು ಕಟ್ಟಕಡೆಯ ಮಗುವಿನ ಹಿಂದೆ ಬರಬೇಕು. ಪಾಸ್‌ಪೋರ್ಟನ್ನು ಸಾಲಿನಲ್ಲಿ ನಿಂತಾಗ ಹಂಚಿ, ದಾಟಿದ ಕೂಡಲೇ ಸಂಖ್ಯೆಯ ಪ್ರಕಾರ ವಾಪಸ್ ಪಡೆದು, ಹೋಟೆಲಿನ ಲಾಕರಿನಲ್ಲಿ ಇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಇದನ್ನು ಮನೆಯಲ್ಲಿ ಪ್ಯಾಕ್ ಮಾಡುವಾಗಲೇ ಹೇಳದಿದ್ದರೆ ಬೆಂಗಳೂರಿನ ಕೌಂಟರಿನ ಎದುರು ಸೂಟ್‌ಕೇಸ್ ಬಿಚ್ಚುವ ಕೆಲಸ ಬೀಳುತ್ತದೆ.

ಊರೊಳಗೆ ಮೆಟ್ರೋ ರೈಲಿನಲ್ಲಿ ಹೋಗುವ ದಿನ ಹೊರಡುವ ಮೊದಲೇ ಎಲ್ಲ ಮಕ್ಕಳಿಗೂ ಒಂದು ನಿಯಮ ಬಾಯಿಪಾಠವಾಗಿರಬೇಕು. ಉದಾಹರಣೆಗೆ, ಲಿಟ್ಲ್ ಇಂಡಿಯಾ ನಿಲ್ದಾಣದಲ್ಲಿ ಡೌನ್‌ಟೌನ್ ಮಾರ್ಗದ ರೈಲು ಹತ್ತಿ ಬೇಫ್ರಂಟ್‌ನಲ್ಲಿ ಇಳಿಯಬೇಕಾಗಿದೆ ಎಂದುಕೊಳ್ಳಿ. ರೋಚೋರ್, ಬುಗಿಸ್, ಪ್ರಾಮನೇಡ್ ಆದ ಮೇಲೆ ನಾಲ್ಕನೆಯದು ಬೇಫ್ರಂಟ್. ಎಲ್ಲರೂ ಹತ್ತುವ ಮೊದಲೇ ಬಾಗಿಲು ಮುಚ್ಚಿ ಕೆಲವರು ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ, ಉಳಿದವರು ನಿಂತ ಜಾಗದಿಂದ ಕದಲಬಾರದು; ಮುಂದಿನ ರೈಲನ್ನು ತಾವಾಗಿ ಹತ್ತಲೂಬಾರದು. ಶಿಕ್ಷಕರಿಲ್ಲದೆ ಮುಂದೆ ಹೋದ ಮಗು ಮುಂದಿನ ನಿಲ್ದಾಣವಾದ ರೋಚೋರ್‌ನಲ್ಲಿ ಇಳಿದು, ಇಳಿದ ಬಾಗಿಲಿನ ಎದುರೇ ನಿಲ್ಲಬೇಕು. ತಪ್ಪಿಸಿಕೊಂಡ ಮಗುವೂ ಶಿಕ್ಷಕರನ್ನು ಹುಡುಕಲು ಹೊರಟರೆ ಇಬ್ಬರೂ ಅಲೆಯುತ್ತಿರುತ್ತಾರೆ. ಮಗು ನಿಂತಿದ್ದರೆ ಶಿಕ್ಷಕರು ಹೋಗಬೇಕಾದ ಜಾಗ ಒಂದೇ. ಇದನ್ನು ಬಾಯಲ್ಲಿ ಹೇಳಿ ಬಿಟ್ಟರೆ ಸಾಲದು, ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಆಡಿಸಿ ತೋರಿಸಬೇಕು, ಸಾಧ್ಯವಿದ್ದರೆ ನಮ್ಮ ಮೆಟ್ರೋದಲ್ಲೇ ಒಮ್ಮೆ ಅಭ್ಯಾಸ ಮಾಡಿಸಬೇಕು. ಹೋಟೆಲಿನ ಹೆಸರು, ವಿಳಾಸ, ಇಬ್ಬರು ಶಿಕ್ಷಕರ ಅಲ್ಲಿ ನಡೆಯುವ ಮೊಬೈಲ್ ಸಂಖ್ಯೆ ಇರುವ ಕಾರ್ಡು ಪ್ರತಿ ಮಗುವಿನ ಜೇಬಿನಲ್ಲಿರಲಿ. ರೈಲಿನಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ದಂಡ ಹಾಕುತ್ತಾರೆ, ನೀರೂ ಅದರಲ್ಲಿ ಸೇರಿದೆ. ಆದ್ದರಿಂದ ನಿಲ್ದಾಣದೊಳಗೆ ಹೋಗುವ ಮೊದಲೇ ಎಲ್ಲರಿಗೂ ನೀರು ಕುಡಿಸಿ.

ಊಟದ ವಿಷಯದಲ್ಲಿ ಸಸ್ಯಾಹಾರಿ ಮಕ್ಕಳ ಮನೆಯವರಿಗೆ ಆತಂಕ ಇರುವುದು ಸಹಜ. ತರಕಾರಿಯ ಪದಾರ್ಥವೆಂದು ಕಂಡರೂ ಅದರಲ್ಲಿ ಮೀನಿನ ಸಾಸ್ ಅಥವಾ ಒಣಸೀಗಡಿ ಇರಬಹುದಾದ್ದರಿಂದ ಪ್ರತಿ ಸಲ ಕೇಳಿಯೇ ಬಡಿಸಬೇಕು. ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಯ ಆಸುಪಾಸಿನಲ್ಲಿ ಇಡ್ಲಿ, ದೋಸೆ, ಅನ್ನ ಸಾರು ಸಿಗುವ ಸಸ್ಯಾಹಾರಿ ಹೋಟೆಲುಗಳಿವೆ. ದಿನಕ್ಕೊಂದು ಊಟವಾದರೂ ಅಲ್ಲಾಗುವಂತೆ ಏಜೆನ್ಸಿಯವರ ಜೊತೆ ಮೊದಲೇ ಗೊತ್ತುಮಾಡಿಕೊಂಡರೆ ಮಕ್ಕಳು ಹಸಿದಿರುವುದು ತಪ್ಪುತ್ತದೆ.

ನೀರಿನ ಬಗ್ಗೆ ಮಾತ್ರ ಯಾವ ಸಡಿಲಿಕೆಯನ್ನೂ ಕೊಡಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡದ್ದನ್ನು ನಾವ್ಯಾರೂ ಮರೆಯುವಂತಿಲ್ಲ. ಸಿಂಗಪುರದ ಸೆಂಟೋಸಾ ದ್ವೀಪದ ಕಡಲತೀರ ಶಾಂತವಾಗಿ ಕಾಣುತ್ತದೆ, ಹೋಟೆಲಿನ ಈಜುಕೊಳ ಇನ್ನೂ ನಿರಪಾಯವಾಗಿ ಕಾಣುತ್ತದೆ. ಈಜು ಬಲ್ಲ ಶಿಕ್ಷಕರು ಫೋನು ಬದಿಗಿಟ್ಟು ದಡದಲ್ಲಿ ನಿಂತು ನೋಡುತ್ತಿರದ ಹೊರತು, ಪೋಷಕರು ಲಿಖಿತ ಒಪ್ಪಿಗೆ ಕೊಟ್ಟಿರದ ಹೊರತು ಯಾವ ಮಗುವೂ ನೀರಿಗಿಳಿಯಬಾರದು. ಇದಕ್ಕೆಲ್ಲ ವ್ಯವಸ್ಥೆ ಮಾಡಲಾಗದಿದ್ದರೆ ಈಜುಕೊಳವಿಲ್ಲದ ಹೋಟೆಲನ್ನೇ ಕೇಳಿ ಪಡೆಯಿರಿ.

ರಾತ್ರಿಯ ಹೊತ್ತು ಎಲ್ಲ ಮಕ್ಕಳ ಕೋಣೆಗಳೂ ಒಂದೇ ಮಹಡಿಯಲ್ಲಿ, ಶಿಕ್ಷಕರ ಕೋಣೆಗಳು ಎರಡು ತುದಿಯಲ್ಲಿ ಇರುವಂತೆ ನೋಡಿಕೊಳ್ಳಿ. ಹುಡುಗಿಯರ ಕೋಣೆಗಳನ್ನು ಶಿಕ್ಷಕಿಯರೇ ನೋಡಬೇಕು. ಯಾವ ದೊಡ್ಡವರೂ ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನ ಜೊತೆ ಒಬ್ಬರೇ ಇರಕೂಡದು. ಮಗುವಿಗೆ ಜ್ವರ ಬಂದಿದ್ದರೂ ಬಾಗಿಲು ತೆರೆದಿರಲಿ ಅಥವಾ ಇಬ್ಬರು ಶಿಕ್ಷಕರಿರಲಿ. ಇದು ಮಗುವಿಗೂ ರಕ್ಷಣೆ, ಶಿಕ್ಷಕರಿಗೂ ರಕ್ಷಣೆ. ಗೈಡ್ ಮತ್ತು ಬಸ್ಸಿನ ಚಾಲಕರಿಗೂ ಈ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಿ. ಮನೆಯ ನೆನಪಾಗಿ ಅಳುವ ಮಕ್ಕಳು ಸಾಮಾನ್ಯವಾಗಿ ಮಲಗುವ ಹೊತ್ತಿಗೆ ಅಳುತ್ತಾರೆ. ಸಿಂಗಪುರದ ಸಮಯ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ಕೆಲಸ ಮುಗಿಸಿ ಬಂದ ತಂದೆ ರಾತ್ರಿ ಒಂಬತ್ತಕ್ಕೆ ಕರೆ ಮಾಡಿದರೆ ಅಲ್ಲಿ ಹನ್ನೊಂದೂವರೆ ಆಗಿರುತ್ತದೆ, ಮಲಗಿದ ಮಗು ಎದ್ದು ಕೂರುತ್ತದೆ. ಮನೆಗೆ ಮಾತನಾಡುವ ಸಮಯವನ್ನು ನಮ್ಮ ಸಂಜೆ ಆರರಿಂದ ಏಳರೊಳಗೆ ಎಂದು ನಿಗದಿ ಮಾಡಿ. ಪೋಷಕರ ವಾಟ್ಸಾಪ್ ಗುಂಪಿಗೆ ಪ್ರತಿದಿನ ಒಬ್ಬರೇ ಶಿಕ್ಷಕರು ಒಂದು ಗೊತ್ತಾದ ಹೊತ್ತಿಗೆ ಸಂದೇಶ ಹಾಕಲಿ. ಇಬ್ಬರು ಮೂವರು ಬೇರೆ ಬೇರೆ ಮಾತು ಬರೆದರೆ ಇಲ್ಲದ ಗಾಬರಿ ಹುಟ್ಟುತ್ತದೆ.

ತುರ್ತು ಸಂದರ್ಭಕ್ಕೆ ಪೊಲೀಸರ ಸಂಖ್ಯೆ 999, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳದ್ದು 995. ಲಿಟ್ಲ್ ಇಂಡಿಯಾ ಸಮೀಪದ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ತುರ್ತು ಚಿಕಿತ್ಸಾ ವಿಭಾಗವಿದೆ. ಅಲ್ಲಿನ ಆಸ್ಪತ್ರೆ ವೆಚ್ಚ ನಮಗೆ ಬಹಳ ದುಬಾರಿಯಾದ್ದರಿಂದ ವಿಮೆ ಮಾಡಿಸದೆ ಯಾವ ಮಗುವನ್ನೂ ಕರೆದೊಯ್ಯಬಾರದು. ಪಾಲಿಸಿ ಸಂಖ್ಯೆ ಮತ್ತು ವಿಮಾ ಕಂಪನಿಯ ಸಹಾಯವಾಣಿ ಎಲ್ಲ ಶಿಕ್ಷಕರ ಬಳಿಯೂ ಇರಲಿ, ಚಿಕಿತ್ಸೆ ಆರಂಭವಾದ ಕೂಡಲೇ ಅವರಿಗೆ ತಿಳಿಸಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ನಂತರ ಗ್ರೇಂಜ್ ರಸ್ತೆಯಲ್ಲಿರುವ ಭಾರತದ ಹೈಕಮಿಷನ್. ಊರಿಗೆ ಮರಳಲು ಮಾತ್ರ ಬಳಕೆಯಾಗುವ ತುರ್ತು ಪ್ರಮಾಣಪತ್ರವನ್ನು ಅವರು ಕೊಡುತ್ತಾರೆ. ಅದಕ್ಕಾಗಿ ಪ್ರತಿ ಮಗುವಿನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಕೆಲವು ಭಾವಚಿತ್ರಗಳು ಮುಖ್ಯ ಶಿಕ್ಷಕರ ಕಡತದಲ್ಲಿ ಸಿದ್ಧವಿರಲಿ. ಆ ಕೆಲಸ ಮುಗಿಯುವವರೆಗೆ ಮಗುವಿನ ಜೊತೆ ಉಳಿಯುವ ಶಿಕ್ಷಕರು ಯಾರು ಎಂಬುದನ್ನು ಹೊರಡುವ ಮೊದಲೇ ನಿರ್ಧರಿಸಿಡಿ.

ನಡೆದ ಪ್ರತಿ ಸಣ್ಣಪುಟ್ಟ ಘಟನೆಯನ್ನೂ, ಕೊಟ್ಟ ಪ್ರತಿ ಮಾತ್ರೆಯನ್ನೂ ಸಮಯ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಪ್ರತಿ ಮಗುವನ್ನು ಪೋಷಕರ ಸಹಿ ಪಡೆದೇ ಒಪ್ಪಿಸಿ. ಪಕ್ಕದ ಮನೆಯವರು ಬಂದಿದ್ದರೆ ತಂದೆಗೋ ತಾಯಿಗೋ ಕರೆ ಮಾಡಿ ಖಚಿತಪಡಿಸಿಕೊಂಡು ಕಳುಹಿಸಿ. ಸಿಂಗಪುರದಲ್ಲೂ ಡೆಂಗಿ ಇದೆ, ಸೊಳ್ಳೆ ಕಚ್ಚಿದ ಕೆಲವು ದಿನಗಳ ನಂತರವೇ ಜ್ವರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮರಳಿದ 2 ವಾರದೊಳಗೆ ಮಗುವಿಗೆ ಜ್ವರ ಬಂದರೆ ಮನೆಮದ್ದಿನಲ್ಲೇ ಕಾಯದೆ ವೈದ್ಯರ ಬಳಿ ಹೋಗಿ, ಎಲ್ಲಿಗೆ ಹೋಗಿ ಬಂದದ್ದು ಎಂಬುದನ್ನು ತಪ್ಪದೆ ಹೇಳುವಂತೆ ಪೋಷಕರಿಗೆ ಬರಹದಲ್ಲಿ ತಿಳಿಸಿ.