ಸೀಲಿಂಗ್ ಮೇಲಿನ ವಾಲ್ವ್‌ಗೆ ಟ್ಯಾಗ್ ಕಟ್ಟಿದ ಕಥೆ

ಕಲಬುರಗಿಯ ಒಂದು ಹಾಸ್ಟೆಲ್ ಕಟ್ಟಡದ ನಿರ್ವಹಣೆ ನನ್ನ ಪಾಲಿಗೆ ಬಂದಾಗ ಕಂಪ್ಯೂಟರ್‌ನಲ್ಲಿ ಒಳ್ಳೆಯ ಬಿಮ್ ಮಾಡೆಲ್ (ಕಟ್ಟಡದ ಪ್ರತಿ ವಸ್ತುವಿನ ವಿವರ ಇರುವ 3ಡಿ ನಕ್ಷೆ) ಇತ್ತು. ಒಂದೊಂದು ಪೈಪೂ ಅದರಲ್ಲಿ ಕಾಣುತ್ತಿತ್ತು. ಆದರೆ ನೀರು ಸೋರಿದ ದಿನ ಪ್ಲಂಬರ್ ಏಣಿ ಹತ್ತಿ, ಫಾಲ್ಸ್ ಸೀಲಿಂಗ್ ಒಳಗೆ ತಲೆ ಹಾಕಿ ಕೇಳಿದ್ದು ಒಂದೇ ಮಾತು: "ಸಾಹೇಬ್ರ, ಇಲ್ಲಿ ನಾಕು ವಾಲ್ವ್ ಅದಾವ್ರಿ. ಯಾವುದು ಬಂದ್ ಮಾಡ್ಲಿ?"

ಆವತ್ತೇ ವಾಲ್ವ್‌ಗಳಿಗೆ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಅಲೆಯಿಂದ ಓದುವ ಗುರುತಿನ ಚೀಟಿ) ಕಟ್ಟೋಣ ಅಂದುಕೊಂಡೆ. ಬ್ಯಾಟರಿ ಇಲ್ಲದ ಜಾತಿಯವು. ಅವನ್ನು ಓದುವ ಯಂತ್ರ, ಅಂದರೆ ರೀಡರ್, ಕಳಿಸುವ ಅಲೆಯಿಂದಲೇ ಶಕ್ತಿ ಪಡೆದು ತಮ್ಮ ನಂಬರ್ ಹೇಳುತ್ತವೆ. ನಮ್ಮ ದೇಶದಲ್ಲಿ ಇವು 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ.

ಮೊದಲು ಎಡವಿದ್ದು ನಂಬರಿನಲ್ಲೇ. ಮಾಡೆಲ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಐಡಿ ಇರುತ್ತದಲ್ವಾ, ಅದನ್ನೇ ಟ್ಯಾಗ್‌ಗೆ ಬರೆದರೆ ಮುಗಿಯಿತು ಅಂತ ಲೆಕ್ಕ ಹಾಕಿದ್ದೆ. ಐಎಫ್‌ಸಿ ಫೈಲಿನ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮಾಡೆಲ್ ಫೈಲು) ಐಡಿ 128 ಬಿಟ್. ನಾನು ತಂದ ಟ್ಯಾಗಿನಲ್ಲಿ ಜಾಗ 96 ಬಿಟ್. ಹಿಡಿಯಲಿಲ್ಲ. ಸರಿ, ಮಾಡೆಲ್ ತಯಾರಿಸುವ ಸಾಫ್ಟ್‌ವೇರ್ ರೆವಿಟ್ ತಾನೇ ಕೊಡುವ ಚಿಕ್ಕ ಎಲಿಮೆಂಟ್ ಐಡಿ ಬರೆದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ನಮ್ಮ ಹುಡುಗನೊಬ್ಬ ಮಾಡೆಲ್‌ನಲ್ಲಿ ಪೈಪ್ ಲೈನ್ ತಿದ್ದುವಾಗ ವಾಲ್ವ್‌ಗಳನ್ನು ಅಳಿಸಿ ಹೊಸದಾಗಿ ಹಾಕಿದ. ಹೊಸ ವಾಲ್ವ್, ಹೊಸ ಐಡಿ. ಆ ಸಾಲಿನ ಟ್ಯಾಗ್‌ಗಳೆಲ್ಲ ಅನಾಥ. ತಪ್ಪು ಅವನದಲ್ಲ, ನನ್ನದು.

ಕೊನೆಗೆ ನಾವೇ 12 ಅಕ್ಷರದ ನಂಬರ್ ಮಾಡಿದೆವು: ಮಹಡಿ, ಕೋಣೆ, ವಸ್ತು, ಕ್ರಮಸಂಖ್ಯೆ. ಅಕ್ಷರಕ್ಕೆ 8 ಬಿಟ್‌ನಂತೆ ಸರಿಯಾಗಿ 96. ಮಾಡೆಲ್‌ನಲ್ಲಿ ಅದಕ್ಕೇ ಒಂದು ಪ್ಯಾರಾಮೀಟರ್ (ಮಾಹಿತಿ ತುಂಬುವ ಖಾನೆ) ಸೇರಿಸಿ, ಎಕ್ಸೆಲ್ ಪಟ್ಟಿಯಿಂದ ಡೈನಮೋ ಎಂಬ ರೆವಿಟ್‌ನ ಸಲಕರಣೆ ಮೂಲಕ ತುಂಬಿದೆವು. ವಾಲ್ವ್ ಅಳಿಸಿ ಮತ್ತೆ ಹಾಕಿದರೂ ಆ ನಂಬರ್ ಮರಳಿ ಬರೆದರೆ ಸಾಕು. ವಾರಂಟಿ, ಕಂಪನಿ, ಸೈಜ್ ಏನೂ ಟ್ಯಾಗಿನಲ್ಲಿ ಇಲ್ಲ, ಎಲ್ಲಾ ಮಾಡೆಲ್‌ನಲ್ಲೇ.

ಲೋಹದ ಮೇಲೆ ಮಾಮೂಲಿ ಟ್ಯಾಗ್ ಅಂಟಿಸಿದರೆ ಅದು ಸತ್ತಂತೆಯೇ. ಲೋಹಕ್ಕೆಂದೇ ಬರುವ, ಅಡಿಯಲ್ಲಿ ದಪ್ಪ ಪದರ ಇರುವವನ್ನು ತರಿಸಬೇಕಾಯಿತು. ಟೆರೇಸ್ ಮೇಲಿನ ಕಥೆ ಇನ್ನೊಂದು. ಮೇ ತಿಂಗಳ ನಮ್ಮೂರ ಬಿಸಿಲು ಗೊತ್ತಲ್ಲ! ಅಂಟು ಕರಗಿ ಟ್ಯಾಗ್‌ಗಳು ಒಣ ಮೆಣಸಿನಕಾಯಿ ಥರ ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಈಗ ಗಟ್ಟಿ ಕವಚದವನ್ನು ಕೇಬಲ್ ಟೈ ಹಾಕಿ ಕಟ್ಟುತ್ತೇವೆ.

ರೀಡರ್ ಪವರ್ ಜಾಸ್ತಿ ಇಟ್ಟರೆ ಪಕ್ಕದ ಕೋಣೆಯ ವಾಲ್ವ್ ಕೂಡ ಓದಿಬಿಡುತ್ತದೆ, ಜಿಪ್ಸಂ ಗೋಡೆ ಅದಕ್ಕೆ ಅಡ್ಡಿಯೇ ಅಲ್ಲ. ಪವರನ್ನು 30 ಡಿಬಿಎಂನಿಂದ (ರೇಡಿಯೋ ಪವರ್‌ನ ಅಳತೆ) 18ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಕಾರಿಡಾರ್‌ನಲ್ಲಿ ಲೋಹದ ಸೀಲಿಂಗ್. ಅಲ್ಲಿ ರೀಡರ್ ಕಿವುಡು. ಸುಮ್ನೆ ಕ್ಯೂಆರ್ ಸ್ಟಿಕರ್ ಅಂಟಿಸಿದೆವು.

ಮುಂದಿನ ಸೋರಿಕೆ ರಾತ್ರಿ ಹನ್ನೊಂದಕ್ಕೆ. ಅದೇ ಪ್ಲಂಬರ್ ಕೆಳಗೆ ನಿಂತು ರೀಡರ್ ಆಡಿಸಿದ, ಬೀಪ್ ಬಿರುಸಾದ ಕಡೆ ಹಲಗೆ ಸರಿಸಿದ. ಟ್ಯಾಬ್‌ನಲ್ಲಿ ಅದೇ ವಾಲ್ವ್ ಕೆಂಪಗೆ ಕಂಡಿತು. ಐದು ನಿಮಿಷ ಹಿಡಿಯಲಿಲ್ಲ. ಆದರೆ ವಾಲ್ವ್ ತಿರುಗಲಿಲ್ಲ. ಗಡಸು ನೀರಿಗೆ ಸುಣ್ಣ ಕಟ್ಟಿ ಕಚ್ಚಿಕೊಂಡಿತ್ತು. "ಕೊನೆಗೆ ತಿರುಗಿಸಿದ ದಿನ" ಎಂಬ ಇನ್ನೊಂದು ಪ್ಯಾರಾಮೀಟರ್ ಮಾಡೆಲ್‌ಗೆ ಸೇರಿದ್ದು ಮರುದಿನ.