ಮೂಗಿನ ಮೇಲೆ ನಿಲ್ಲುವ ಮಾಸ್ಕು

ಮಾಸ್ಕ್ ಎಂದರೆ ಒಂದು ಆಯತ, ನಾಲ್ಕು ಹೊಲಿಗೆ, ಎರಡು ಎಲಾಸ್ಟಿಕ್ ತುಂಡು ಎಂದೇ ನಾನೂ ಅಂದುಕೊಂಡಿದ್ದೆ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಮಕ್ಕಳ ಫ್ರಾಕು, ಶರ್ಟು, ಶಾಲೆಯ ಯೂನಿಫಾರ್ಮು ಹೊಲಿದವಳು ನಾನು. 2020ರ ಮಾರ್ಚ್‌ನಿಂದ ಆ ವರ್ಷದ ಕೊನೆಯವರೆಗೆ ಎರಡು ಸಾವಿರಕ್ಕೂ ಹೆಚ್ಚು ಬಟ್ಟೆ ಮಾಸ್ಕ್ ಹೊಲಿದೆ. ಹಾಕಿಕೊಂಡವರು ಗಂಟೆಗಟ್ಟಲೆ ಕೆಲಸ ಮಾಡಿದರೂ ಮೂಗಿನಿಂದ ಕೆಳಗೆ ಎಳೆಯದ ಮಾಸ್ಕೇ ಒಳ್ಳೆಯ ಮಾಸ್ಕು. ಬಟ್ಟೆ, ಪದರ, ಬಣ್ಣ ಎಲ್ಲ ಆಮೇಲೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೊದಲು ಹೊಲಿದ ನಲವತ್ತು ಮಾಸ್ಕ್ ಹಾಳಾದ ಮೇಲೆ ಗೊತ್ತಾಯಿತು.

ಆ ವರ್ಷ ಮಾರ್ಚ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿತ್ತು: ಕೊರೊನಾ ಎದುರಿಸಲು ಜಗತ್ತಿಗೆ ತಿಂಗಳಿಗೆ 8.9 ಕೋಟಿ ವೈದ್ಯಕೀಯ ಮಾಸ್ಕ್ ಬೇಕು. ಸರ್ಜಿಕಲ್ ಮಾಸ್ಕಿನ ಬೆಲೆ ಅಷ್ಟರಲ್ಲೇ ಆರು ಪಟ್ಟು ಏರಿತ್ತು. ಮಾರ್ಚ್ 11ರಂದು ಅದೇ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಔಷಧಿ ಅಂಗಡಿಗಳಲ್ಲಿ ಮಾಸ್ಕ್ ಇಲ್ಲ. ಇದ್ದದ್ದನ್ನು ಕೆಲವರು ಪೆಟ್ಟಿಗೆಗಟ್ಟಲೆ ಮನೆಗೆ ಒಯ್ದಿದ್ದರು. ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ದಾದಿಯರೇ ಒಂದು ಮಾಸ್ಕನ್ನು ದಿನಗಟ್ಟಲೆ ಹಾಕುತ್ತಿದ್ದ ಸುದ್ದಿ ಓದಿ ಹೊಟ್ಟೆ ಉರಿದುಹೋಯಿತು. ಅವರ ಪಾಲಿನದು ಅವರಿಗೆ ಸಿಗಲಿ, ಉಳಿದವರಿಗೆ ಬಟ್ಟೆಯದನ್ನು ನಾವು ಹೊಲಿದುಕೊಡೋಣ ಎಂದು ಕತ್ತರಿ ಹಿಡಿದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಕೇಳಿಕೊಂಡು ಬಂದಾಗ ಮಾತ್ರ ನಾನು ಕೊಡಲಿಲ್ಲ. ಬಟ್ಟೆಯ ಮಾಸ್ಕು ಆಸ್ಪತ್ರೆಯವರು ಹಾಕುವ ಎನ್-95 ಮಾಸ್ಕ್ ಆಗುವುದಿಲ್ಲ. ಎನ್-95ರ ನಡುವಿನ ಪದರ ನೇಯ್ದ ಬಟ್ಟೆಯೇ ಅಲ್ಲ, ಕರಗಿಸಿದ ಪ್ಲಾಸ್ಟಿಕ್ಕನ್ನು ಗಾಳಿಯಲ್ಲಿ ಊದಿ ಮಾಡಿದ ಅತಿ ಸಣ್ಣ ಎಳೆಗಳ ಹಾಸು. ಅದರಲ್ಲಿ ವಿದ್ಯುದಂಶ ತುಂಬಿರುತ್ತದೆ, ಸಣ್ಣ ಕಣಗಳನ್ನು ಅದು ಎಳೆದು ಹಿಡಿಯುತ್ತದೆ. ಸೋಪು ನೀರಿನಲ್ಲಿ ತೊಳೆದರೆ ಆ ಗುಣವೇ ಹೋಗುತ್ತದೆ. ಅಂಥದ್ದನ್ನು ಮನೆಯ ಯಂತ್ರದಲ್ಲಿ ಮಾಡಲು ಬರುವುದಿಲ್ಲ. ನಾನು ಹೊಲಿದದ್ದು ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ, ಕಸ ಎತ್ತುವವರಿಗೆ, ಬಸ್ ಓಡಿಸುವವರಿಗೆ, ಮನೆಮನೆಗೆ ಸಾಮಾನು ತಲುಪಿಸುವವರಿಗೆ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಹೊರಗೆ ಬರಲೇಬೇಕಾದವರು ಅವರು.

ಮೊದಲ ನಲವತ್ತನ್ನು ಗಟ್ಟಿ ಇರಲಿ ಎಂದು ದಪ್ಪ ಪ್ಯಾಂಟಿನ ಬಟ್ಟೆಯಲ್ಲಿ ಎರಡು ಪದರ, ಒಳಗೆ ಹತ್ತಿಯ ಎರಡು ಪದರ ಕೊಟ್ಟು ಹೊಲಿದೆ. ಬೆಳಕಿಗೆ ಹಿಡಿದರೆ ಒಂದು ಚುಕ್ಕೆ ಬೆಳಕೂ ಕಾಣುತ್ತಿರಲಿಲ್ಲ, ತುಂಬ ಸಮಾಧಾನವಾಗಿತ್ತು. ನಾಲ್ಕನೆಯ ದಿನ ಕಸದ ಗಾಡಿಯ ಜೊತೆ ಬರುವ ಹೆಂಗಸು ಗೇಟಿನ ಹತ್ತಿರ ನಿಂತಳು. ಮಾಸ್ಕು ಗಲ್ಲದ ಕೆಳಗಿತ್ತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಗಾಡಿ ತಳ್ಳುವಾಗ ಉಸಿರೇ ಸಿಗಲ್ಲ. ಅದಕ್ಕೇ ಕೆಳಗೆ ಎಳ್ಕೊಂಡಿದೀನಿ."

ಕಿವಿಯ ಹಿಂದೆ ತಿರುಗಿಸಿ ತೋರಿಸಿದಳು. ಎಲಾಸ್ಟಿಕ್ ಕೊರೆದು ಕೆಂಪಗೆ ಗೆರೆ ಬಿದ್ದಿತ್ತು, ಒಂದು ಕಡೆ ಚರ್ಮ ಸುಲಿದಿತ್ತು. ಅದೇ ವಾರ ಇನ್ನೊಬ್ಬರು ಒಗೆದ ಮಾಸ್ಕನ್ನು ತಂದು ತೋರಿಸಿದರು. ಒಳಗಿನ ಹತ್ತಿ ಬಟ್ಟೆ ಕುಗ್ಗಿ, ಹೊರಗಿನದು ಕುಗ್ಗದೆ, ಇಡೀ ಮಾಸ್ಕು ಒಣಗಿದ ಎಲೆಯ ಹಾಗೆ ಮುದುಡಿತ್ತು. ಮೂಗು ಮುಚ್ಚಿದರೆ ಗಲ್ಲ ಹೊರಗೆ, ಗಲ್ಲ ಮುಚ್ಚಿದರೆ ಮೂಗು ಹೊರಗೆ. ಹೊಸ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿಸಬಾರದು ಎಂಬುದು ಹೊಲಿಗೆಯ ಮೊದಲ ಪಾಠ. ಅವಸರದಲ್ಲಿ ಅದನ್ನೇ ಬಿಟ್ಟಿದ್ದೆ. ಕೊಟ್ಟಿದ್ದರಲ್ಲಿ ಸಿಕ್ಕಷ್ಟನ್ನು ವಾಪಸ್ ತರಿಸಿಕೊಂಡು ಹೊಸದಾಗಿ ಶುರು ಮಾಡಿದೆ.

ಒತ್ತಾದ ನೇಯ್ಗೆಯ ತೆಳು ಹತ್ತಿ ಬಟ್ಟೆ, ಪಾಪ್ಲಿನ್ ಥರದ್ದು, ಎಲ್ಲಕ್ಕಿಂತ ಚೆನ್ನಾಗಿ ಒದಗಿತು. ಕತ್ತರಿಸುವ ಮೊದಲು ಬಿಸಿ ನೀರಿನಲ್ಲಿ ಸೋಪು ಹಾಕಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದೆ. ದೊಡ್ಡವರಿಗೆ ಅಗಲ 9 ಇಂಚು, ಎತ್ತರ 7 ಇಂಚು. ಮೇಲೆ ಕೆಳಗೆ ಹೊಲಿಗೆಗೆ ಕಾಲು ಕಾಲು ಇಂಚು ಹೋದರೆ ಎತ್ತರ ಆರೂವರೆ. ಅರ್ಧ ಇಂಚಿನ ಮೂರು ನೆರಿಗೆ ಹಿಡಿದರೆ ಒಂದೊಂದೂ ಒಂದು ಇಂಚು ನುಂಗುತ್ತದೆ, ಉಳಿಯುವುದು ಮೂರೂವರೆ. ಹಾಕಿಕೊಂಡು ಗಲ್ಲದ ಕೆಳಕ್ಕೆ ಎಳೆದಾಗ ನೆರಿಗೆ ಬಿಚ್ಚಿಕೊಂಡು ಮೂಗಿನಿಂದ ಗಲ್ಲದ ತನಕ ಕೂರುತ್ತದೆ. ಹೊರಗಡೆಯಿಂದ ನೋಡಿದಾಗ ನೆರಿಗೆಯ ಬಾಯಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಧೂಳು, ಎಂಜಲ ಹನಿ ಎಲ್ಲ ಅದರೊಳಗೆ ಕೂರುತ್ತವೆ. ರಟ್ಟಿನಲ್ಲಿ ಅಳತೆಯ ಪಟ್ಟಿ ಕತ್ತರಿಸಿ, ನೆರಿಗೆಯ ಗುರುತು ಹಾಕಿಟ್ಟುಕೊಂಡ ಮೇಲೆ ಕೈ ಓಡಿತು. ಪ್ರತಿ ಮಾಸ್ಕಿಗೂ ಟೇಪು ಹಿಡಿಯುತ್ತ ಕೂತರೆ ದಿನಕ್ಕೆ ಹತ್ತೂ ಆಗುತ್ತಿರಲಿಲ್ಲ.

ಮೂಗಿನ ತಂತಿಗೆ ನಾನು ಎಷ್ಟು ಹೊತ್ತು ಕಳೆದೆನೋ! ತಂತಿ ಇಲ್ಲದಿದ್ದರೆ ಉಸಿರು ಮೇಲಿನಿಂದ ನುಗ್ಗಿ ಕನ್ನಡಕಕ್ಕೆ ಮಂಜು ಕಟ್ಟುತ್ತದೆ. ಕನ್ನಡಕ ಮಂಜಾದವರು ಮೊದಲು ಮಾಡುವ ಕೆಲಸವೇ ಮಾಸ್ಕನ್ನು ಕೆಳಗೆ ಎಳೆಯುವುದು. ಕಬ್ಬಿಣದ ತಂತಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡಿತು. ತೆಳು ಅಲ್ಯುಮಿನಿಯಂ ತಂತಿ ಒಗ್ಗಿತು. ನಾಲ್ಕು ಇಂಚು ಕತ್ತರಿಸಿ, ಎರಡು ತುದಿಯನ್ನೂ ಇಕ್ಕಳದಿಂದ ಸುರುಳಿ ಸುತ್ತಬೇಕು. ಹಾಗೆ ಸುತ್ತದೆ ಬಿಟ್ಟ ಒಂದು ತುದಿ ಎರಡನೆಯ ಒಗೆತಕ್ಕೇ ಬಟ್ಟೆ ತೂರಿ ಹೊರಗೆ ಬಂತು. ಕಣ್ಣಿಗೆ ಅಷ್ಟು ಹತ್ತಿರ ಇರುವ ವಸ್ತು ಅದು. ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಏಪ್ರಿಲ್ ಹೊತ್ತಿಗೆ ಎಲಾಸ್ಟಿಕ್ ಎಲ್ಲೂ ಸಿಗದಾಯಿತು. ಎಲ್ಲರೂ ಮಾಸ್ಕೇ ಹೊಲಿಯುತ್ತಿದ್ದರಲ್ಲ. ಆಗ ಲಾಡಿಗೆ ತಿರುಗಿದೆ. ಹಾಗೆ ಮಾಡುವ ಧೈರ್ಯ ಬಂದದ್ದು ವೂ ಲಿಯನ್-ತೆ ಎಂಬ ವೈದ್ಯರ ಬಗ್ಗೆ ಓದಿದ್ದರಿಂದ. ಈಗಿನ ಮಲೇಷ್ಯಾದ ಪಿನಾಂಗಿನಲ್ಲಿ ಹುಟ್ಟಿದ ಅವರು 1910-11ರ ಚಳಿಗಾಲದಲ್ಲಿ ಈಶಾನ್ಯ ಚೀನಾದ ಮಂಚೂರಿಯಾದ ಪ್ಲೇಗನ್ನು ತಡೆಯಲು ಹೋದಾಗ, ಅದು ಉಸಿರಿನಿಂದ ಹರಡುತ್ತಿದೆ ಎಂದು ಗುರುತಿಸಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ನಡುವೆ ಹತ್ತಿ ಇಟ್ಟು, ತಲೆಯ ಹಿಂದೆ ಗಂಟು ಹಾಕುವ ಮಾಸ್ಕ್ ಮಾಡಿಸಿದರು. ಮೆನಿ ಎಂಬ ಫ್ರೆಂಚ್ ವೈದ್ಯರು ಅದನ್ನು ನಂಬದೆ ಮಾಸ್ಕಿಲ್ಲದೆ ರೋಗಿಗಳನ್ನು ನೋಡಿದರು, ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು. ನೂರಹತ್ತು ವರ್ಷದ ಹಿಂದೆ ಎಲಾಸ್ಟಿಕ್ ಇಲ್ಲದೆ ಕೆಲಸ ಮಾಡಿದ್ದು ಈಗ ಯಾಕೆ ಮಾಡುವುದಿಲ್ಲ ಎಂದು ಉಳಿದ ಬಟ್ಟೆಯನ್ನು ಒಂದೂಕಾಲು ಇಂಚಿನ ಪಟ್ಟಿಯಾಗಿ ಕತ್ತರಿಸಿ, ಮಡಿಸಿ ಹೊಲಿದು ಲಾಡಿ ಮಾಡಿದೆ. ಒಂದು ಜೊತೆ ನಡುತಲೆಗೆ, ಒಂದು ಜೊತೆ ಕತ್ತಿಗೆ. ಕಿವಿಗೆ ಭಾರವೇ ಇಲ್ಲ. ಕಸದ ಗಾಡಿಯ ಹೆಂಗಸಿಗೆ ಮೊದಲು ಕೊಟ್ಟದ್ದು ಅದನ್ನೇ. ಮರುದಿನ ಬೆಳಿಗ್ಗೆ ದೂರದಿಂದಲೇ ಕೈ ಎತ್ತಿ ತೋರಿಸಿದಳು, ಮಾಸ್ಕು ಮೂಗಿನ ಮೇಲಿತ್ತು.

ಮೊದಮೊದಲು ಜನ ಕೇಳುತ್ತಿದ್ದದ್ದು ಒಂದೇ: "ಆರೋಗ್ಯವಾಗಿರೋರು ಹಾಕೋದು ಬೇಡ ಅಂತಾರಲ್ಲ, ನೀವು ಯಾಕೆ ಹೊಲಿದು ಹಂಚ್ತೀರಿ?" ಆ ಹೊತ್ತಿಗೆ ದೊಡ್ಡ ಆರೋಗ್ಯ ಸಂಸ್ಥೆಗಳೇ ಹಾಗೆ ಹೇಳುತ್ತಿದ್ದವು, ಕೇಳಿದವರದು ತಪ್ಪಲ್ಲ. ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್‌ನ ಹಾಡುಗಾರರ ಬಳಗದ ವಿಷಯ ಹೇಳುತ್ತಿದ್ದೆ. ಮಾರ್ಚ್ 10ರಂದು 61 ಜನ ಸೇರಿ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಒಬ್ಬರಿಗೆ ಶೀತದಂಥ ಲಕ್ಷಣ ಇತ್ತು, ಅಷ್ಟೆ. ಖಚಿತವಾದದ್ದು, ಶಂಕಿತವಾದದ್ದು ಸೇರಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಜ್ವರ ಬರುವ ಮೊದಲೇ, ಏನೂ ಗೊತ್ತಾಗದವರಿಂದಲೂ ಹರಡುತ್ತದೆ ಎಂಬುದು ಆಗಲೇ ಕಾಣಿಸತೊಡಗಿತ್ತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಬದಲಿಸಿತು. ಸೋಂಕು ಹರಡಿರುವ ಕಡೆ, ದೂರ ನಿಲ್ಲಲು ಆಗದ ಜಾಗದಲ್ಲಿ ಜನಸಾಮಾನ್ಯರೂ ಬಟ್ಟೆಯ ಮಾಸ್ಕ್ ಹಾಕಲಿ, ಅದಕ್ಕೆ ಮೂರು ಪದರ ಇರಲಿ ಎಂದಿತು: ಒಳಗೆ ತೇವ ಹೀರುವ ಹತ್ತಿ, ನಡುವೆ ಸೋಸುವ ಪದರ, ಹೊರಗೆ ನೀರು ಹಿಡಿಯದ ಪಾಲಿಸ್ಟರ್ ಥರದ ಬಟ್ಟೆ. ಅಂದಿನಿಂದ ನಾನೂ ಹೊರಗಿನ ಪದರ ಬದಲಿಸಿದೆ. ಮೂರು ಪದರಕ್ಕೆ ಹೋದರೂ ಪ್ರತಿ ಹೊಸ ಬಟ್ಟೆಯಲ್ಲಿ ಒಂದು ಹೊಲಿದು, ನಾನೇ ಹಾಕಿಕೊಂಡು ಮೂರು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಉಸಿರು ಕಟ್ಟಿದರೆ ಆ ಬಟ್ಟೆ ಬೇಡ.

ಮನೆಯೊಳಗಿನ ಭಯ ಬೇರೆಯೇ. ಪ್ಲಾಸ್ಟಿಕ್, ಸ್ಟೀಲಿನ ಮೇಲೆ ವೈರಸ್ 72 ಗಂಟೆ, ರಟ್ಟಿನ ಮೇಲೆ 24 ಗಂಟೆ ಪತ್ತೆಯಾಯಿತು ಎಂಬ ಪ್ರಯೋಗಾಲಯದ ಫಲಿತಾಂಶ ಮಾರ್ಚ್‌ನಲ್ಲೇ ಬಂದಿತ್ತು. ಬಂದ ಬಟ್ಟೆಯ ಗಂಟನ್ನು ಮೂರು ದಿನ ಹೊರಗಿನ ಬೆಂಚಿನ ಮೇಲೆ ಇಟ್ಟು, ಆಮೇಲೆ ಒಗೆಯುತ್ತಿದ್ದೆ. ಹೊಲಿಗೆಗೆ ಕೂರುವ ಮೊದಲು ಸೋಪಿನಿಂದ ಇಪ್ಪತ್ತು ಸೆಕೆಂಡು ಕೈ ತೊಳೆದೂ ತೊಳೆದೂ ಬೆರಳ ತುದಿ ಒಡೆದು, ದಾರ ಪೋಣಿಸುವಾಗ ಚುರುಗುಟ್ಟುತ್ತಿತ್ತು. ಮುಟ್ಟಿದ ವಸ್ತುವಿಗಿಂತ ಮುಚ್ಚಿದ ಕೋಣೆಯ ಗಾಳಿಯೇ ಹೆಚ್ಚು ಅಪಾಯ ಎಂದು ತಿಳಿದದ್ದು ನಿಧಾನವಾಗಿ. ಆ ಭಯದಲ್ಲಿ ಯಾರೂ ಮೂರ್ಖರಾಗಿರಲಿಲ್ಲ, ಗೊತ್ತಿದ್ದಷ್ಟರಲ್ಲಿ ತಮ್ಮವರನ್ನು ಕಾಪಾಡಿಕೊಳ್ಳುತ್ತಿದ್ದರು.

ಒಬ್ಬ ತಾಯಿ ವರ್ಷ ತುಂಬಿದ ಮಗುವಿಗೆ ಪುಟ್ಟ ಮಾಸ್ಕ್ ಬೇಕು ಎಂದು ಹಟ ಹಿಡಿದಳು. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಲೇಬಾರದು, ಉಸಿರು ಕಟ್ಟಿದರೆ ಅದಕ್ಕೆ ತೆಗೆಯಲು ಬರುವುದಿಲ್ಲ. "ನೀವು ಹಾಕ್ಕೊಳ್ಳಿ, ಮನೆಯವರೆಲ್ಲ ಹಾಕ್ಕೊಳ್ಳಿ, ಅದೇ ಮಗೂಗೆ ಕಾವಲು" ಎಂದು ಐದು ದೊಡ್ಡ ಮಾಸ್ಕ್ ಕೊಟ್ಟು ಕಳಿಸಿದೆ. ಬೇಸರ ಮಾಡಿಕೊಂಡೇ ಹೋದಳು.

ನನಗೆ ಎಲ್ಲಕ್ಕಿಂತ ಕಷ್ಟ ಕೊಟ್ಟ ಮಾಸ್ಕು ಒಂದಿದೆ. ಪಕ್ಕದ ಮನೆಯ ಹಿರಿಯರಿಗೆ ಕಿವಿ ಪೂರ್ತಿ ಕೇಳಿಸುವುದಿಲ್ಲ. ತುಟಿಯ ಚಲನೆ ನೋಡಿಯೇ ಮಾತು ಹಿಡಿಯುತ್ತಿದ್ದರು. ಒಂದು ದಿನ ಕಾಂಪೌಂಡಿನ ಆಚೆಯಿಂದ ಹೇಳಿದರು: "ನೀವೆಲ್ಲ ಬಾಯಿ ಮುಚ್ಚಿಕೊಂಡ ಮೇಲೆ ನನಗೆ ಜಗತ್ತೇ ನಿಂತುಹೋಗಿದೆಯಮ್ಮ. ಮಗಳು ಬಂದು ಏನೋ ಹೇಳಿ ಹೋಗ್ತಾಳೆ, ನಾನು ಸುಮ್ಮನೆ ತಲೆ ಆಡಿಸ್ತೀನಿ." ಒಂದೂವರೆ ತಿಂಗಳು ಮೂಗಿನ ಲೆಕ್ಕ ಹಾಕುತ್ತ ಕೂತಿದ್ದ ನನಗೆ ಬಾಯಿಯ ನೆನಪೇ ಆಗಿರಲಿಲ್ಲ.

ಪಾರದರ್ಶಕ ಫೈಲಿನ ಹೊದಿಕೆಯಿಂದ 4 ಇಂಚು ಅಗಲ, ಎರಡೂವರೆ ಇಂಚು ಎತ್ತರದ ತುಂಡು ಕತ್ತರಿಸಿ, ಮಾಸ್ಕಿನ ನಡುವೆ ಕಿಟಕಿ ಕೂರಿಸಲು ಹೊರಟೆ. ಮೊದಲನೆಯದರಲ್ಲಿ ಹೊಲಿಗೆ ಒತ್ತಾಗಿ ಹಾಕಿದ್ದರಿಂದ ಸೂಜಿಯ ತೂತುಗಳೆಲ್ಲ ಸೇರಿ, ಅಂಚೆ ಚೀಟಿ ಹರಿದ ಹಾಗೆ ಪ್ಲಾಸ್ಟಿಕ್ ಕಿತ್ತುಬಂತು. ಯಂತ್ರದ ಹೊಲಿಗೆಯನ್ನು ಅತಿ ಉದ್ದಕ್ಕೆ ತಿರುಗಿಸಿಟ್ಟ ಮೇಲೆ ನಿಂತಿತು. ಗುಂಡುಪಿನ್ನು ಚುಚ್ಚಿದರೆ ತೂತು ಉಳಿಯುತ್ತದೆಂದು ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಹಿಡಿದೆ. ಯಂತ್ರದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಪಾದಕ್ಕೆ ಪ್ಲಾಸ್ಟಿಕ್ ಅಂಟಿಕೊಂಡು ಮುಂದೆ ಸರಿಯಲೇ ಇಲ್ಲ, ಮೇಲೊಂದು ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದೆ. ಪ್ಲಾಸ್ಟಿಕ್ ಮುಖಕ್ಕೆ ಅಂಟದ ಹಾಗೆ, ಉಸಿರು ಸುತ್ತಲಿನ ಬಟ್ಟೆಯಿಂದ ಹೋಗುವ ಹಾಗೆ ಮೇಲೂ ಕೆಳಗೂ ಅಗಲವಾದ ಬಟ್ಟೆ ಬಿಟ್ಟೆ. ಕೊನೆಗೆ ಒಳಗೆ ಮಂಜು ಕಟ್ಟುವುದೊಂದು ಉಳಿಯಿತು. ಒಂದು ಹನಿ ಪಾತ್ರೆ ತೊಳೆಯುವ ಸೋಪನ್ನು ಒಳಮೈಗೆ ಸವರಿ, ಒಣಗಿಸಿ, ಮೆತ್ತಗೆ ಒರೆಸಿದರೆ ಅರ್ಧ ಗಂಟೆಯಾದರೂ ತಿಳಿಯಾಗಿರುತ್ತಿತ್ತು. ನಾಲ್ಕು ಕೆಟ್ಟ ಮೇಲೆ ಐದನೆಯದು ಸರಿಯಾಯಿತು.

ಅದನ್ನು ಅವರಿಗೆ ಕೊಡಲಿಲ್ಲ, ಅವರ ಮಗಳಿಗೆ ಕೊಟ್ಟೆ. ಅವಳು ಹಾಕಿಕೊಂಡು ವರಾಂಡದಲ್ಲಿ ಅಪ್ಪನಿಂದ ಎರಡು ಮೀಟರ್ ದೂರ ನಿಂತಳು. ಅವರು ಕನ್ನಡಕ ಸರಿಮಾಡಿಕೊಂಡು ಅವಳ ಬಾಯಿಯನ್ನೇ ನೋಡಿದರು.

"ಮಧ್ಯಾಹ್ನದ ಮಾತ್ರೆ ತಗೊಂಡ್ರಾ ಅಪ್ಪಾ?"

"ತಗೊಂಡೆ ಕಣೇ. ಎರಡು ದಿನದ್ದು ಉಳಿದಿದೆ, ತಂದಿಡು."

ಆ ವಾರವೇ ಅಂಥ ಇನ್ನೂ ಆರಕ್ಕೆ ಪ್ಲಾಸ್ಟಿಕ್ ಕತ್ತರಿಸಿಟ್ಟೆ.