ಮಳೆಗಾಲದಲ್ಲಿ ಫಿಲ್ಲಿಂಗ್ ಯಾಕೆ ನಿಲ್ಲುತ್ತಿರಲಿಲ್ಲ?

ಕಾರವಾರದಲ್ಲಿ ನನ್ನದೊಂದು ಚಿಕ್ಕ ಹಲ್ಲಿನ ಕ್ಲಿನಿಕ್. ಕಳೆದ ಮಳೆಗಾಲದಲ್ಲಿ ವಸಡಿನ ಅಂಚಿಗೆ ಹಾಕಿದ, ಹಲ್ಲಿನದೇ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್‌ಗಳು ಒಂದೊಂದಾಗಿ ಬೀಳತೊಡಗಿದವು. ಮಾಜಾಳಿಯ ಒಬ್ಬ ಅಜ್ಜಿ ಅದಕ್ಕಾಗಿ ಎರಡನೇ ಸಲ ಮಳೆಯಲ್ಲಿ ಬಸ್ಸು ಹತ್ತಿ ಬಂದಾಗ ತುಂಬಾ ಬೇಜಾರಾಯಿತು.

ಫಿಲ್ಲಿಂಗನ್ನು ಹಲ್ಲಿಗೆ ಹಿಡಿಸುವ ಅಂಟಿನ (ಬಾಂಡಿಂಗ್) ಬಾಟಲಿ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಒಂದು ದಿನ ಹಲ್ಲು ಒಣಗಿಸುವ ಗಾಳಿ ಸಿರಿಂಜನ್ನು ಸುಮ್ನೆ ಬಾಯಿ ನೋಡುವ ಕನ್ನಡಿಗೆ ಊದಿದೆ. ಕನ್ನಡಿ ತುಂಬ ಸಣ್ಣ ನೀರಹನಿ! ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ನಿಂತಿತ್ತು. ಆಷಾಢದಲ್ಲಿ ನಮ್ಮ ಕರಾವಳಿಯ ಗಾಳಿಯೇ ಅರ್ಧ ನೀರು, ಅಲ್ವಾ? ಅದನ್ನು ಒತ್ತಿ ತುಂಬಿಸಿದರೆ ತೇವ ನೀರಾಗಿ ಇಳಿಯುತ್ತದೆ. ಈಗ ದಿನಾ ಸಂಜೆ ಟ್ಯಾಂಕಿನ ನೀರು ಬಿಡುತ್ತೇನೆ. ಫಿಲ್ಟರನ್ನೂ ಬದಲಿಸಿದೆ.

ಹಾಗಂತ ಹಲ್ಲನ್ನು ಪೂರ್ತಿ ಒಣಗಿಸಲೂಬಾರದು. ಫಾಸ್ಫಾರಿಕ್ ಆಸಿಡ್ 15 ಸೆಕೆಂಡ್ ಇಟ್ಟು ತೊಳೆದ ಮೇಲೆ, ಎನಾಮಲ್ ಕೆಳಗಿನ ಪದರವಾದ ಡೆಂಟಿನ್‌ನಲ್ಲಿ ಕೊಲಾಜನ್ ನಾರಿನ ಬಲೆ ಉಳಿಯುತ್ತದೆ. ಜಾಸ್ತಿ ಒಣಗಿಸಿದರೆ ಆ ಬಲೆ ಮುದುಡಿ, ಅಂಟು ಒಳಗೆ ಇಳಿಯುವುದಿಲ್ಲ. ನೀರು ಜಾಸ್ತಿಯಾದರೆ ಅಂಟು ನೀರಿನ ಜೊತೆ ಬೆರೆಯದೆ ಬೇರೆಯಾಗುತ್ತದೆ. ಅದಕ್ಕೇ ಹತ್ತಿ ಉಂಡೆಯಿಂದ ಮೆಲ್ಲಗೆ ಒತ್ತಿ, ಮೇಲ್ಮೈ ಹೊಳೆಯುವಷ್ಟು ತೇವ ಬಿಡುತ್ತೇನೆ. ಆಮೇಲೆ ಅಂಟನ್ನು ಚೆನ್ನಾಗಿ ಉಜ್ಜಿ, ಒಣ ಗಾಳಿ ಊದಿ, ಲೈಟ್ ಹಿಡಿದು ಗಟ್ಟಿ ಮಾಡುತ್ತೇನೆ.

ದೀಪಾವಳಿ ಮುಗಿದ ಮೇಲೆ ಅಜ್ಜಿ ಬಂದಿದ್ದರು. ಫಿಲ್ಲಿಂಗ್ ಗಟ್ಟಿಯಾಗಿ ಕೂತಿದೆ.